ಹೊನ್ನಾವರದ ಊಟ, ಇಕ್ಕೇರಿಯ ಇರುಳು

ಕಡಲ ತೀರದ ಹಳೆಯ ರಾಜಧಾನಿಗೆ ಹೋಗುವ ಪ್ರವಾಸಿ ಸಾಮಾನ್ಯವಾಗಿ ಮೂರು ಸಂಗತಿಗಳನ್ನು ವಿಚಾರಿಸುತ್ತಾನೆ: ನೋಡುವುದಕ್ಕೆ ಏನಿದೆ, ಉಣ್ಣುವುದಕ್ಕೆ ಏನು ಸಿಗುತ್ತದೆ, ಕತ್ತಲಾದ ಮೇಲೆ ಹೊತ್ತು ಹೋಗುವುದು ಹೇಗೆ? ಮೆಡಿಟರೇನಿಯನ್ ಸಮುದ್ರದ ವ್ಯಾಲೆಟ್ಟಾ, ಟ್ಯೂನಿಸ್, ಬೈರೂತ್‌ನಂತಹ ಬಂದರುಗಳ ಬಗ್ಗೆ ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಕೈಪಿಡಿಗಳು ಬೇಕಾದಷ್ಟಿವೆ. ಕನ್ನಡ ನಾಡಿನ ಒಂದು ಬಂದರಿನ ಬಗ್ಗೆ ಇದೇ ಪ್ರಶ್ನೆಗಳಿಗೆ ಶತಮಾನಗಳ ಹಿಂದೆಯೇ ಉತ್ತರ ಬರೆದಿಟ್ಟವರು ಅದೇ ಸಮುದ್ರದ ಕಡೆಯಿಂದ ಬಂದ ಇಬ್ಬರು ಪರದೇಶಿಗಳು ಎಂಬುದು ಕುತೂಹಲದ ವಿಷಯ. ಒಬ್ಬ ಮೊರಾಕ್ಕೊ ದೇಶದ ಟ್ಯಾಂಜಿಯರಿನ ಇಬ್ನ್ ಬತೂತ. ಇನ್ನೊಬ್ಬ ರೋಮ್ ನಗರದ ಪಿಯೆತ್ರೊ ದೆಲ್ಲಾ ವಲ್ಲೆ. ಇಬ್ಬರ ನಡುವೆ ಸುಮಾರು 280 ವರ್ಷಗಳ ಅಂತರ. ಊರು ಮಾತ್ರ ಒಂದೇ, ಶರಾವತಿ ಕಡಲು ಸೇರುವಲ್ಲಿರುವ ಹೊನ್ನಾವರ.

ಕನ್ನಡದಲ್ಲಿ ಊಟದ ಬಗ್ಗೆ ಬರೆದವರು ಇಲ್ಲವೆಂದಲ್ಲ. ಮೂರನೆಯ ಮಂಗರಸನ 'ಸೂಪಶಾಸ್ತ್ರ' ಅಡುಗೆಯ ವಿಧಾನಗಳನ್ನೇ ಹೇಳುವ ಕೃತಿ. ಶಾಸನಗಳಲ್ಲಿ ದೇವಾಲಯದ ನೈವೇದ್ಯಕ್ಕೆ ಬಿಟ್ಟ ಅಕ್ಕಿ, ತುಪ್ಪಗಳ ಅಳತೆ ಸಿಗುತ್ತದೆ. ಆದರೆ ಇಂತಹ ಊರಿನಲ್ಲಿ, ಇಂತಹವರ ಮನೆಯಲ್ಲಿ, ಯಾರು ಬಡಿಸಿದರು, ಯಾವುದರ ಹಿಂದೆ ಯಾವುದು ಬಂತು ಎಂಬ ವಿವರ ಸಿಗುವುದು ವಿರಳ. ದಿನವೂ ಉಣ್ಣುವವನಿಗೆ ಅದು ಬರೆಯತಕ್ಕ ವಿಷಯವಾಗಿ ಕಾಣುವುದಿಲ್ಲ. ಅದು ಹೊಸದಾಗಿ ಕಾಣುವುದು ಅತಿಥಿಗೆ.

ನದಿಯ ಬಾಯಿ

ಹೊನ್ನಾವರ ಬಂದರಾಗಿ ಬೆಳೆದದ್ದು ಶರಾವತಿಯ ದೆಸೆಯಿಂದ. ಘಟ್ಟದ ಮೇಲಿನ ಕಾಳುಮೆಣಸು ಎತ್ತುಗಳ ಬೆನ್ನ ಮೇಲೆ ಗೇರುಸೊಪ್ಪೆಗೆ ಇಳಿಯುತ್ತಿತ್ತು. ಅಲ್ಲಿಂದ ಕೆಳಗೆ ನದಿಯಲ್ಲಿ ದೋಣಿ ನಡೆಯುತ್ತದೆ. ದೋಣಿಯಲ್ಲಿ ಬಂದ ಮೆಣಸು ಹೊನ್ನಾವರದಲ್ಲಿ ಹಡಗೇರಿ ಪಶ್ಚಿಮದ ದೇಶಗಳಿಗೆ ಹೋಗುತ್ತಿತ್ತು. ಆ ಕಡೆಯಿಂದ ಈ ತೀರದ ಬಂದರುಗಳಿಗೆ ಕುದುರೆಗಳು ಬರುತ್ತಿದ್ದವು. ವಿಜಯನಗರದ ಆಸ್ಥಾನಕ್ಕೆ ಬಂದಿದ್ದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ 1444ರಲ್ಲಿ ಸ್ವದೇಶಕ್ಕೆ ಮರಳಲು ಹಡಗು ಹತ್ತಿದ್ದು ಇಲ್ಲಿಯೇ.

ಇಬ್ನ್ ಬತೂತ ಹುಟ್ಟಿದ್ದು 1304ರಲ್ಲಿ. ಇಪ್ಪತ್ತೊಂದನೆಯ ವಯಸ್ಸಿಗೆ ಮೆಕ್ಕಾ ಯಾತ್ರೆಗೆಂದು ಮನೆ ಬಿಟ್ಟವನು ದೆಹಲಿಗೆ ಬಂದು, ಮಹಮ್ಮದ್ ಬಿನ್ ತುಘಲಕ್‌ನ ಕೈಕೆಳಗೆ ಖಾಜಿಯಾದ. ಮುಂದೆ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಾಗ, 1342ರ ಸುಮಾರಿಗೆ, ಪಶ್ಚಿಮ ಕರಾವಳಿಗುಂಟ ಬಂದು ಹೊನ್ನಾವರದಲ್ಲಿ ಇಳಿದ. ಅವನ ಬರಹದಲ್ಲಿ ಈ ಊರಿನ ಹೆಸರು 'ಹಿನೌರ್'. ದೊಡ್ಡ ಹಡಗುಗಳು ಒಳಗೆ ಬರಬಲ್ಲ ಅಳಿವೆಯ ಮೇಲೆ, ಕಡಲಿನಿಂದ ಅರ್ಧ ಮೈಲಿ ಒಳಗಿದ್ದ ಪಟ್ಟಣವದು. ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವವರನ್ನು ಬಿಟ್ಟು ಬೇರೆ ಯಾರೂ ಕಡಲಿಗೆ ಇಳಿಯುತ್ತಿರಲಿಲ್ಲ ಎಂದು ಆತ ಹೇಳುತ್ತಾನೆ.

ಆಗ ಇಲ್ಲಿ ಆಳುತ್ತಿದ್ದವನು ಜಮಾಲುದ್ದೀನ್ ಎಂಬ ಸುಲ್ತಾನ. ಅವನ ಮೇಲೆ 'ಹರ್ಯಬ್' ಎಂಬ ಹಿಂದೂ ಅರಸನಿದ್ದನೆಂದು ಇಬ್ನ್ ಬತೂತ ಬರೆದಿದ್ದಾನೆ. ವಿಜಯನಗರದ ಒಂದನೆಯ ಹರಿಹರನೇ ಈ ಹರ್ಯಬ್ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಸುಲ್ತಾನನ ದಂಡು ಸುಮಾರು 6,000. ಅವನ ಹಡಗುಬಲಕ್ಕೆ ಹೆದರಿ ಮಲಬಾರಿನವರು ವರ್ಷವರ್ಷ ಕಪ್ಪ ಕೊಡುತ್ತಿದ್ದರು. ಊರಿನವರಿಗೆ ಸಾಗುವಳಿಯ ಭೂಮಿಯಿಲ್ಲ, ಕಡಲ ವ್ಯಾಪಾರವೇ ಜೀವನ.

ಅಲ್ಲಿ ಅವನು ಬೆರಗಿನಿಂದ ಗುರುತಿಸಿದ ಸಂಗತಿ ಕೋಟೆಯಲ್ಲ, ಪಾಠಶಾಲೆ. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ, ಇಂತಹುದನ್ನು ಬೇರೆಲ್ಲಿಯೂ ಕಂಡಿಲ್ಲವೆಂದೂ ಬರೆದಿದ್ದಾನೆ. ಅಲ್ಲಿನ ಹೆಂಗಸರು ಹೊಲಿಯದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದುದನ್ನು ತಲೆಯ ಮೇಲೆ ಹೊದೆಯುತ್ತಿದ್ದರು. ಮೂಗಿಗೆ ಚಿನ್ನದ ಉಂಗುರ. ಅವರೆಲ್ಲರಿಗೂ ಕುರಾನ್ ಬಾಯಿಪಾಠ ಎಂಬುದು ಅವನ ಮಾತು. ಎಲ್ಲರಿಗೂ ಎಂಬುದು ಅತಿಶಯೋಕ್ತಿ ಇರಬಹುದು. ಆದರೆ ಅರ್ಧ ಪ್ರಪಂಚ ಸುತ್ತಿದವನೊಬ್ಬ ಶಾಲೆಗಳನ್ನು ಎಣಿಸಿ ಹೇಳಿದ್ದಾನೆ ಎಂಬುದನ್ನು ಮರೆಯಲಾಗದು.

ತಾಮ್ರದ ತಟ್ಟೆ

ಸುಲ್ತಾನನ ಮನೆಯ ಊಟವನ್ನಂತೂ ಇಬ್ನ್ ಬತೂತ ಪಂಕ್ತಿಯಲ್ಲಿ ಕುಳಿತವರಿಗೆ ಕಾಣುವ ಹಾಗೆ ವರ್ಣಿಸಿದ್ದಾನೆ. ಮೊದಲು ತಾಮ್ರದ ಪೀಠ ತಂದಿಡುತ್ತಾರೆ. ಅದರ ಮೇಲೆ 'ತಾಲಂ' ಎಂಬ ತಾಮ್ರದ ತಟ್ಟೆ. ರೇಷ್ಮೆಯುಟ್ಟ ದಾಸಿ ಅಡುಗೆಯ ಪಾತ್ರೆಗಳನ್ನು ತಂದು, ದೊಡ್ಡ ಸೌಟಿನಿಂದ ಒಂದು ಸೌಟು ಅನ್ನ ಬಡಿಸಿ, ಮೇಲೆ ತುಪ್ಪ ಹಾಕುತ್ತಾಳೆ. ಬದಿಗೆ ಗೊನೆಯೊಂದಿಗೇ ಉಪ್ಪಿನಲ್ಲಿ ಹಾಕಿದ ಹಸಿ ಮೆಣಸು, ಹಸಿ ಶುಂಠಿ, ನಿಂಬೆ ಮತ್ತು ಮಾವಿನ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಹಿಂದೆಯೇ ಒಂದಿಷ್ಟು ಉಪ್ಪಿನಕಾಯಿ. ಅದು ಮುಗಿದರೆ ಎರಡನೆಯ ಸೌಟು ಅನ್ನ, ಕೋಳಿಯ ಪದಾರ್ಥ. ಆಮೇಲೆ ಬೇರೆ ಬಗೆಯಲ್ಲಿ ಬೇಯಿಸಿದ ಕೋಳಿ. ಆಮೇಲೆ ಬಗೆಬಗೆಯ ಮೀನು. ಪ್ರತಿ ಬಾರಿಯೂ ಅನ್ನ. ಮೀನಿನ ನಂತರ ತುಪ್ಪದಲ್ಲಿ ಬೇಯಿಸಿದ ತರಕಾರಿ, ಹಾಲಿನ ಪದಾರ್ಥ. ಎಲ್ಲಕ್ಕೂ ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಕುಡಿಯುವುದಕ್ಕೆ ಬಿಸಿನೀರು, ಏಕೆಂದರೆ ಮಳೆಗಾಲದಲ್ಲಿ ತಣ್ಣೀರು ಮೈಗೆ ಒಗ್ಗುವುದಿಲ್ಲ.

ಕೋಳಿ, ಮೀನುಗಳನ್ನು ಬದಿಗಿಟ್ಟು ನೋಡಿದರೂ ಈ ಕ್ರಮ ಇಂದಿನ ಕನ್ನಡಿಗರಿಗೆ ಪರಿಚಿತವೇ. ಬಾಳೆ ಎಲೆಯ ಮೂಲೆಗೆ ಉಪ್ಪಿನಕಾಯಿ, ಮೊದಲ ಅನ್ನಕ್ಕೆ ತುಪ್ಪ, ಪದಾರ್ಥ ಬದಲಾದಂತೆಲ್ಲ ಮತ್ತೆ ಅನ್ನ, ಕೊನೆಯಲ್ಲಿ ಮೊಸರನ್ನ. ಮತ ಯಾವುದೇ ಇರಲಿ, ಅನ್ನವನ್ನು ಸುತ್ತು ಸುತ್ತಾಗಿ ಬಡಿಸುವ ಈ ಪದ್ಧತಿ ಆ ತೀರದ್ದು. ಅಲ್ಲಿ ಇಲ್ಲದಿದ್ದ ವಸ್ತುಗಳೂ ಅಷ್ಟೇ ಮುಖ್ಯ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೋಡಂಬಿ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಬಂದ ಮೇಲೆ ಕಾಣಿಸಿಕೊಂಡವು. 1342ರ ಹೊನ್ನಾವರದಲ್ಲಿ ಖಾರವೆಂದರೆ ಕಾಳುಮೆಣಸು ಮತ್ತು ಶುಂಠಿ. ಹಡಗಿಗೆ ಏರುತ್ತಿದ್ದ ಸರಕೇ ತಟ್ಟೆಯ ಬದಿಯಲ್ಲಿ ಉಪ್ಪಿನಕಾಯಿಯಾಗಿತ್ತು.

ಮೊರಾಕ್ಕೊದವನಿಗೆ ರೊಟ್ಟಿಯಿಲ್ಲದ ಊಟ ಊಟವೇ ಅಲ್ಲ. ಇನ್ನೊಮ್ಮೆ ಬಂದು ಈ ಸುಲ್ತಾನನ ಬಳಿ ಹನ್ನೊಂದು ತಿಂಗಳಿದ್ದಾಗ ಒಂದು ಚೂರು ರೊಟ್ಟಿಯನ್ನೂ ಕಾಣಲಿಲ್ಲವೆಂದು ಅವನ ಗೋಳು. ಮಾಲ್ಡೀವ್ಸ್, ಸಿಂಹಳ, ಮಲಬಾರುಗಳಲ್ಲಿಯೂ ಅನ್ನವೇ ಗತಿಯಾಗಿ, ಕಡೆಕಡೆಗೆ ನೀರು ಕುಡಿದು ಅನ್ನ ನುಂಗಬೇಕಾಯಿತಂತೆ. ಆದರೂ ತಾಯ್ನಾಡಿಗೆ ಮರಳಿ, ಹತ್ತಾರು ವರ್ಷಗಳ ಬಳಿಕ ತನ್ನ ಕಥೆಯನ್ನು ಹೇಳಿ ಬರೆಯಿಸಿದಾಗ (ಗ್ರಂಥ ಮುಗಿದದ್ದು 1355ರಲ್ಲಿ) ಈ ಊಟದ ಒಂದೊಂದು ಸೌಟೂ ಅವನ ನೆನಪಿನಲ್ಲಿತ್ತು.

ನೆನಪಿನಲ್ಲಿ ಉಳಿಯದೆ ಹೋದದ್ದು ಬಡಿಸಿದವಳ ಹೆಸರು. ಆಕೆಯ ಸೀರೆ ರೇಷ್ಮೆಯದೆಂದು ತಿಳಿದಿದೆ, ಆಕೆ ಎಲ್ಲಿಯವಳೆಂಬುದು ತಿಳಿದಿಲ್ಲ. ಆ ಕಾಲದ ಬಂದರುಗಳಲ್ಲಿ ಮೆಣಸು, ಕುದುರೆಗಳಂತೆ ಮನುಷ್ಯರೂ ಮಾರಾಟದ ಸರಕಾಗಿದ್ದರು. ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿದ್ದ ಊರಿನಲ್ಲಿಯೇ ದಾಸಿಯೊಬ್ಬಳು ಅನ್ನ ಬಡಿಸುತ್ತಿದ್ದಳು. ಎರಡನ್ನೂ ಒಂದೇ ಲೇಖನಿ ದಾಖಲಿಸಿದೆ. ಒಂದನ್ನು ಹೊಗಳಿ ಇನ್ನೊಂದನ್ನು ಬಿಟ್ಟರೆ ಇತಿಹಾಸ ಅರ್ಧವಾಗುತ್ತದೆ.

ಹಾಳೂರಿನ ಮೂಲಕ

ಹದಿನಾರನೆಯ ಶತಮಾನದಲ್ಲಿ ಈ ತೀರದ ಯಜಮಾನಿಕೆ ಬದಲಾಯಿತು. ಪೋರ್ಚುಗೀಸರು 1505ರಲ್ಲಿ ಹೊನ್ನಾವರದ ಮೇಲೆ ದಾಳಿ ಮಾಡಿ ಹಡಗುಗಳನ್ನು ಸುಟ್ಟರು. 1569ರ ವೇಳೆಗೆ ಇಲ್ಲಿ ಅವರದೇ ಕೋಟೆಯಿತ್ತು. ನದಿಯ ಮೇಲ್ಭಾಗದ ಗೇರುಸೊಪ್ಪೆಯಲ್ಲಿ ಆಳುತ್ತಿದ್ದವಳು ರಾಣಿ ಚೆನ್ನಭೈರಾದೇವಿ. ಮೆಣಸಿನ ರಾಣಿ ಎಂದು ಅವಳನ್ನು ಪೋರ್ಚುಗೀಸರು ಕರೆದರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಅವಳ ರಾಜ್ಯ ಇಕ್ಕೇರಿಯ ವೆಂಕಟಪ್ಪ ನಾಯಕನ ವಶವಾಯಿತು.

ಪಿಯೆತ್ರೊ ದೆಲ್ಲಾ ವಲ್ಲೆ ಬಂದದ್ದು ಇದಾದ ಮೇಲೆ, 1623ರ ಅಕ್ಟೋಬರಿನಲ್ಲಿ. ರೋಮಿನ ಶ್ರೀಮಂತ ಮನೆತನದವನು. 1614ರಲ್ಲಿ ವೆನಿಸ್ ಬಿಟ್ಟು ಇಸ್ತಾಂಬುಲ್, ಈಜಿಪ್ಟ್, ಪರ್ಷಿಯಾ ತಿರುಗಿ ಗೋವೆಗೆ ಬಂದಿದ್ದ. ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿಕೊಂಡು ಹೊನ್ನಾವರಕ್ಕೆ ಬಂದ. ಇಬ್ನ್ ಬತೂತ ಕಂಡ ವೈಭವ ಆಗ ಇರಲಿಲ್ಲ. ದಟ್ಟವಾದ ತೆಂಗಿನ ತೋಟದ ಕೆಳಗೆ ಮನೆಗಳೆನ್ನುವುದಕ್ಕಿಂತ ಗುಡಿಸಲುಗಳೆನ್ನಬಹುದಾದ ವಸತಿ, ಪಕ್ಕದಲ್ಲಿ ಪೋರ್ಚುಗೀಸರ ಕೋಟೆ.

ಅಲ್ಲಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗುವಾಗ ಶರಾವತಿಯ ಚೆಲುವಿಗೆ ಅವನು ಮಾರುಹೋದ. ತಾನು ಕಂಡ ಅತಿ ಸುಂದರ ನದಿಗಳಲ್ಲಿ ಇದೊಂದು ಎಂದ. ಆದರೆ ದೋಣಿ ಇಳಿದರೆ ಕಂಡದ್ದು ಹಾಳೂರು. ಹಿಂದೊಮ್ಮೆ ರಾಣಿಯ ಪಟ್ಟಣವಾಗಿದ್ದ ಗೇರುಸೊಪ್ಪೆಯಲ್ಲಿ ಅರಮನೆಯೂ ಮನೆಗಳೂ ಬಿದ್ದು, ಮೇಲೆ ಮರಗಳು ಬೆಳೆದಿದ್ದವು. ಯುದ್ಧವಾಗಿ ಇನ್ನೂ ಒಂದು ತಲೆಮಾರೂ ಕಳೆದಿರಲಿಲ್ಲ.

ಅಲ್ಲಿಂದ ಮುಂದೆ ಘಟ್ಟ. ದಾರಿಯ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಹೇಳಿಕೊಳ್ಳುತ್ತಿದ್ದುದನ್ನು ಅವನು ನಿಂತು ನೋಡಿದ. ಪಾಠ ಮರೆಯದಿರಲು ಹೀಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರಂತೆ. ಮರಳಿನ ಮೇಲೆ ತಿದ್ದಿ ಅಕ್ಷರ ಕಲಿತ ಹಿರಿಯರಿಗೆ ಈ ಚಿತ್ರ ಹೊಸದಲ್ಲ.

ಕತ್ತಲಾದ ಮೇಲೆ

ಘಟ್ಟ ಹತ್ತಿದ ರಾಯಭಾರಿಗಳು ತಲುಪಿದ್ದು ಇಕ್ಕೇರಿಗೆ. ಹೊನ್ನಾವರದ ಮೆಣಸಿಗೆ ಈಗ ಒಡೆಯರಾಗಿದ್ದ ನಾಯಕರ ರಾಜಧಾನಿ ಅದು. ಅಲ್ಲಿ ನವೆಂಬರಿನ ಒಂದು ಸಂಜೆ, ಗೌರಿಯ ಹೆಸರಿನ ಹಬ್ಬದ ವೇಳೆ, ಹುಡುಗಿಯರ ಗುಂಪುಗಳು ಬೀದಿಗೆ ಬಂದದ್ದನ್ನು ಪಿಯೆತ್ರೊ ನೋಡಿದ. ರೇಷ್ಮೆ ಉಟ್ಟು, ತಲೆಗೆ ಹೂ ಮುಡಿದು, ಕೈಗಳಲ್ಲಿ ಬಣ್ಣದ ಗಿಡ್ಡ ಕೋಲು ಹಿಡಿದು, ಚರ್ಮವಾದ್ಯದ ಗತ್ತಿಗೆ ಕೋಲಿಗೆ ಕೋಲು ತಾಗಿಸುತ್ತ ಸುತ್ತುತ್ತಿದ್ದರು. ಒಬ್ಬಳು ಮುಂದಾಗಿ ಹಾಡಿದರೆ ಉಳಿದವರು ಪಲ್ಲವಿಯಾಗಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಮಾತನ್ನು ಅವನು ಇಟಾಲಿಯನ್ ಅಕ್ಷರಗಳಲ್ಲಿ ತನಗೆ ಕೇಳಿಸಿದಂತೆ ಬರೆದುಕೊಂಡ: 'ಕೋಲೆ, ಕೋಲೆ'. ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ನಾಯಕರ ರಾಜಧಾನಿಯ ಇರುಳು ಕಳೆಯುತ್ತಿದ್ದುದು ಹೀಗೆ, ಬೀದಿಯಲ್ಲಿ, ಎಲ್ಲರ ಕಣ್ಣೆದುರು, ಕೋಲಾಟದಲ್ಲಿ.

ಕರಾವಳಿಯ ಇರುಳಿಗೆ ಇನ್ನೊಂದು ರೂಪವೂ ಇದೆ. ಬಡಗುತಿಟ್ಟಿನ ಯಕ್ಷಗಾನಕ್ಕೆ ಹೊನ್ನಾವರ ತಾಲ್ಲೂಕು ದೊಡ್ಡ ನೆಲೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆ ಈ ತಾಲ್ಲೂಕಿನ ಗುಣವಂತೆ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಈ ತಾಲ್ಲೂಕಿನವರೇ. ಬೆಳಗಿನ ತನಕ ನಡೆಯುವ ಬಯಲಾಟ ಮಳೆಗಾಲದಲ್ಲಿ ನಿಲ್ಲುತ್ತದೆ. ಹಿಂದೆ ಹಡಗುಗಳು ನಿಲ್ಲುತ್ತಿದ್ದುದೂ ಅದೇ ತಿಂಗಳುಗಳಲ್ಲಿ; ಇಂದು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದೂ ಜೂನ್, ಜುಲೈಗಳಲ್ಲಿ. ಆಳುವವರು ಬದಲಾದರೂ ಈ ಊರಿನ ಪಂಚಾಂಗವನ್ನು ಬರೆಯುವುದು ಮಳೆಯೇ.

ಇಂದು ಹೊನ್ನಾವರಕ್ಕೆ ಬರುವ ಪ್ರವಾಸಿಗೆ ತೋರಿಸಲು ಬೇಕಾದಷ್ಟಿದೆ. 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದ ಕಾಸರಕೋಡಿನ ಕಡಲತೀರ, ಶರಾವತಿ ಹಿನ್ನೀರಿನ ಕಾಂಡ್ಲಾ ವನ, ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆಯ ಸೇತುವೆ, ಗೇರುಸೊಪ್ಪೆಯ ಕಾಡಿನೊಳಗಿನ ಚತುರ್ಮುಖ ಬಸದಿ. ಆದರೆ ಜಮಾಲುದ್ದೀನನ ಅರಮನೆಯಾಗಲಿ, ಆ 36 ಶಾಲೆಗಳಾಗಲಿ ಇಲ್ಲ. ಕಲ್ಲು ಮಣ್ಣಿನದು ಹೋಗಿ, ದಿನವೂ ಮಾಡುವ ಕೆಲಸಗಳು ಉಳಿದಿವೆ.

ಹೊನ್ನಾವರದ ಖಾನಾವಳಿಯಲ್ಲಿ ಊಟಕ್ಕೆ ಕುಳಿತ ಪರಸ್ಥಳದವರು ನೀರು ಕೇಳಿದರೆ ಲೋಟದಲ್ಲಿ ಬಿಸಿನೀರು ಬರುವುದುಂಟು. ಬಯಲುಸೀಮೆಯವರಿಗೆ ಸ್ವಲ್ಪ ಆಶ್ಚರ್ಯವಾಗುತ್ತದೆ. ಏಳು ಶತಮಾನಗಳ ಹತ್ತಿರಕ್ಕೆ ಬಂತು. ಟ್ಯಾಂಜಿಯರಿನವನಿಗೂ ಹಾಗೆಯೇ ಆಗಿತ್ತು. ಅವನು ಕಾರಣ ಕೇಳಿ ಬರೆದುಕೊಂಡ.