ಮಕ್ಕಳ ಸುಪರ್ದಿ ಮತ್ತು ಜೀವನಾಂಶ
ದಾಂಪತ್ಯ ಮುರಿದಾಗ ಮಗು ಯಾರ ಬಳಿ ಬೆಳೆಯಬೇಕು, ಸ್ವಂತ ಆದಾಯವಿಲ್ಲದ ಸಂಗಾತಿಯ ಹೊಟ್ಟೆಪಾಡೇನು ಎಂಬುದು ಭಾರತದಲ್ಲಿ ಹೆಚ್ಚಾಗಿ ಇತ್ಯರ್ಥವಾಗುವುದು 1984ರ ಕಾಯ್ದೆಯಡಿ ಹುಟ್ಟಿದ ಕೌಟುಂಬಿಕ ನ್ಯಾಯಾಲಯಗಳಲ್ಲಿ. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯಂತೆ ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಸುಪರ್ದಿಯಲ್ಲಿರುತ್ತದೆ; ಆದರೂ ಹೆತ್ತವರ ಹಕ್ಕಿಗಿಂತ ಮಗುವಿನ ಹಿತವೇ ದೊಡ್ಡದು.

ಜೀವನಾಂಶದ ಕಥೆ ಇನ್ನೂ ನೋವಿನದು. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅದಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಹಾಕಿತ್ತು. ಅಕ್ಕಿ, ಮನೆ ಬಾಡಿಗೆ, ಔಷಧಿ ಎಲ್ಲವೂ ಅಷ್ಟರಲ್ಲೇ. ಆ ಅನ್ಯಾಯ ತೊಲಗಿದ್ದು 2001ರ ತಿದ್ದುಪಡಿಯಿಂದ. ಇಬ್ಬರೂ ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿತು. 2024ರ ಜುಲೈ 1ರಿಂದ ಈ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ.