ಶ್ಯಾಮಪುಕುರದ ಸಂವಾದ: ಶ್ರೀರಾಮಕೃಷ್ಣರೂ ಡಾಕ್ಟರ್ ಮಹೇಂದ್ರಲಾಲ ಸರ್ಕಾರರೂ

ಭಕ್ತಿಗೂ ವಿಜ್ಞಾನಕ್ಕೂ ಹುಟ್ಟುವೈರವೆಂಬ ಅಭಿಪ್ರಾಯವು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ವಿದ್ಯಾವಂತರಲ್ಲಿ ಬೇರೂರಿತು. ಸಂಶಯಪಡುವವನು ನಾಸ್ತಿಕನೆಂದು ಒಂದು ಪಕ್ಷವೂ, ನಂಬುವವನು ಮೂಢನೆಂದು ಇನ್ನೊಂದು ಪಕ್ಷವೂ ತೀರ್ಪುಕೊಟ್ಟುಬಿಟ್ಟಿದ್ದವು. ಈ ಎರಡು ಮನೋಧರ್ಮಗಳೂ ಎದುರುಬದುರಾಗಿ ಕುಳಿತು ದಿನಗಟ್ಟಲೆ ಸಂಭಾಷಿಸಿದ ಪ್ರಸಂಗಗಳು ಇತಿಹಾಸದಲ್ಲಿ ವಿರಳ. ಅಂಥ ಒಂದು ಪ್ರಸಂಗವು 1885ನೆಯ ಅಕ್ಟೋಬರ್ ತಿಂಗಳಿನಲ್ಲಿ ಕಲ್ಕತ್ತೆಯ ಶ್ಯಾಮಪುಕುರ ಬೀದಿಯ ಬಾಡಿಗೆಯ ಮನೆಯೊಂದರಲ್ಲಿ ಒದಗಿಬಂದಿತು. ಅಲ್ಲಿ ರೋಗಿಯಾಗಿದ್ದವರು ಶ್ರೀರಾಮಕೃಷ್ಣ ಪರಮಹಂಸರು. ವೈದ್ಯರಾಗಿ ಬಂದವರು ಡಾಕ್ಟರ್ ಮಹೇಂದ್ರಲಾಲ ಸರ್ಕಾರರು.

ಸರ್ಕಾರರು 1833ರಲ್ಲಿ ಹೌರಾ ಸೀಮೆಯ ಪಾಯಿಕ್‌ಪಾಡಾ ಗ್ರಾಮದಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಸೋದರಮಾವಂದಿರ ಆಶ್ರಯದಲ್ಲಿ ಬೆಳೆದು, 1863ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿಯನ್ನು ಪಡೆದರು. ಆ ಕಾಲಕ್ಕೆ ಅದು ಅತಿ ದುರ್ಲಭವಾದ ಗೌರವ. ಮೊದಲು ಅವರು ಹೋಮಿಯೋಪತಿಯನ್ನು ಕಟುವಾಗಿ ಟೀಕಿಸಿದವರು. ಆದರೆ ರಾಜೇಂದ್ರಲಾಲ ದತ್ತರ ಚಿಕಿತ್ಸೆಯನ್ನು ಕಣ್ಣಾರೆ ಕಂಡು ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. 1867ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘದ ಬಂಗಾಳ ಶಾಖೆಯ ಸಭೆಯಲ್ಲಿ ಅದನ್ನು ಬಹಿರಂಗವಾಗಿ ಸಾರಿ, ಸಹೋದ್ಯೋಗಿಗಳ ಬಹಿಷ್ಕಾರಕ್ಕೆ ಗುರಿಯಾದರು. ಆ ಪದ್ಧತಿಯ ಔಷಧಗಳ ಗುಣವು ಮುಂದೆ ನಡೆದ ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ಸಿದ್ಧಪಟ್ಟಿಲ್ಲವೆಂಬುದು ಬೇರೆ ಮಾತು. ಇಲ್ಲಿ ಗಮನಾರ್ಹವಾದುದು ಆ ಪುರುಷನ ಸ್ವಭಾವ. ಸತ್ಯವೆಂದು ತೋರಿದುದನ್ನು ನಷ್ಟಕ್ಕೆ ಅಂಜದೆ ನುಡಿಯುವ ಛಲ ಅವರದು. ಅವರು ತಪ್ಪಿದ್ದರೆ ಅದು ಕೂಡ ಪ್ರಾಮಾಣಿಕವಾದ ತಪ್ಪೇ ಆಗಿತ್ತು.

1869ರಲ್ಲಿ ತಮ್ಮ ವೈದ್ಯಕೀಯ ಪತ್ರಿಕೆಯ ಮೂಲಕ ಅವರು ದೇಶೀಯರೇ ನಡೆಸುವ ವಿಜ್ಞಾನಸಂಸ್ಥೆಯೊಂದರ ಅಗತ್ಯವನ್ನು ಎತ್ತಿ ಹೇಳಿದರು. ಅನೇಕ ವರ್ಷ ಚಂದಾ ಕೂಡಿಸಿ, ಸೇಂಟ್ ಝೇವಿಯರ್ ಕಾಲೇಜಿನ ಪಾದ್ರಿ ಲಾಫೋನರ ನೆರವನ್ನು ಪಡೆದು, 1876ರಲ್ಲಿ ಬೌಬಜಾರ್ ಬೀದಿಯಲ್ಲಿ ಆ ಸಂಸ್ಥೆಯನ್ನು ಸ್ಥಾಪಿಸಿದರು. ಬಂಗಾಳಿಯಲ್ಲಿ ಅದಕ್ಕೆ ‘ಭಾರತವರ್ಷೀಯ ವಿಜ್ಞಾನ ಸಭಾ’ ಎಂಬ ಹೆಸರು. ನಾಡಿನ ದಾಸ್ಯಕ್ಕೂ ದಾರಿದ್ರ್ಯಕ್ಕೂ ವಿಜ್ಞಾನದ ಅಭ್ಯಾಸವೇ ಮದ್ದೆಂದು ನಂಬಿದ್ದ ಈ ವೈದ್ಯರು ನಾಸ್ತಿಕರಾಗಿರಲಿಲ್ಲ. ಸೃಷ್ಟಿಕರ್ತನಲ್ಲಿ ಅವರಿಗೆ ನಂಬಿಕೆಯಿತ್ತು. ಆದರೆ ಅವತಾರದಲ್ಲಿ, ಗುರುಪೂಜೆಯಲ್ಲಿ, ಭಾವಾವೇಶದಲ್ಲಿ ಇರಲಿಲ್ಲ.

ಇತ್ತ ಶ್ರೀರಾಮಕೃಷ್ಣರಿಗೆ 1885ರ ಬೇಸಗೆಯಲ್ಲಿ ಆರಂಭವಾದ ಗಂಟಲುನೋವು ಶರತ್ಕಾಲದ ವೇಳೆಗೆ ಉಲ್ಬಣಿಸಿತು. ಕವಿರಾಜರು ಅದನ್ನು ‘ರೋಹಿಣಿ’ ಎಂದು ಗುರುತಿಸಿದರು. ಇಂದಿನ ಮಾತಿನಲ್ಲಿ ಕ್ಯಾನ್ಸರ್. ದಕ್ಷಿಣೇಶ್ವರದಿಂದ ಅವರನ್ನು ಶ್ಯಾಮಪುಕುರಕ್ಕೆ ಕರೆತಂದು ಸರ್ಕಾರರ ಕೈಗೆ ಒಪ್ಪಿಸಲಾಯಿತು. ಬಡ ಪೂಜಾರಿಯೊಬ್ಬರ ವೆಚ್ಚವನ್ನು ಭಕ್ತರು ತಮ್ಮೊಳಗೆ ಹಂಚಿಕೊಂಡು ಭರಿಸುತ್ತಿರುವರೆಂದು ತಿಳಿದಾಗ ಡಾಕ್ಟರು ಶುಲ್ಕವನ್ನು ಬಿಟ್ಟುಕೊಟ್ಟರು. ಸ್ವಲ್ಪಹೊತ್ತಿನ ಭೇಟಿಗೆಂದು ಬಂದವರು ಗಂಟೆಗಟ್ಟಲೆ ಕುಳಿತು, ಬೇರೆ ರೋಗಿಗಳ ಕರೆ ತಪ್ಪಿಹೋಗುತ್ತಿದೆಯೆಂದು ತಾವೇ ದೂರಿಕೊಳ್ಳುವಂತಾಯಿತು. ಆ ದಿನಗಳ ಮಾತುಕತೆಯನ್ನು ಶಾಲಾ ಉಪಾಧ್ಯಾಯರಾದ ಮಹೇಂದ್ರನಾಥ ಗುಪ್ತರು ದಿನಚರಿಯಲ್ಲಿ ಬರೆದಿಟ್ಟರು. 1902ರಿಂದ 1932ರವರೆಗೆ ಐದು ಭಾಗಗಳಲ್ಲಿ ಪ್ರಕಟವಾದ ಆ ‘ಕಥಾಮೃತ’ವೇ ಕನ್ನಡಿಗರಿಗೆ ‘ವಚನವೇದ’ವೆಂದು ಪರಿಚಿತವಾಗಿದೆ.

ವಾದವು ಮುಖ್ಯವಾಗಿ ಅವತಾರದ ವಿಷಯದಲ್ಲಿ ನಡೆಯಿತು. ನಾಟಕಕಾರ ಗಿರೀಶಚಂದ್ರ ಘೋಷರು ಪರಮಹಂಸರನ್ನು ದೇವರೆಂದೇ ಪೂಜಿಸುತ್ತಿದ್ದರು. ಇಂಥ ಪೂಜೆಯಿಂದ ಒಳ್ಳೆಯ ಮನುಷ್ಯನೊಬ್ಬನನ್ನು ಕೆಡಿಸುತ್ತಿದ್ದೀರಿ ಎಂಬುದು ಡಾಕ್ಟರರ ಆಕ್ಷೇಪ. ಪಾದಧೂಳಿ ಸ್ವೀಕರಿಸಲು ತಮಗೇನೂ ಅಭಿಮಾನ ಅಡ್ಡಬರುವುದಿಲ್ಲವೆಂದು ಪರಮಹಂಸರ ಪಾದವನ್ನು ಮುಟ್ಟಿ, ಮರುಕ್ಷಣವೇ ನೆರೆದವರೆಲ್ಲರ ಪಾದಗಳನ್ನೂ ಮುಟ್ಟತೊಡಗಿದರು. ಅವರ ಪಾಲಿಗೆ ಅದು ಸರ್ವಸಮತೆಯ ಪಾಠ. ಮುಂದೆ ವಿವೇಕಾನಂದರೆನಿಸಿದ ನರೇಂದ್ರನಾಥರು ವಿಜ್ಞಾನದಿಂದಲೇ ಒಂದು ಹೋಲಿಕೆಯನ್ನು ತಂದರು. ಸಸ್ಯವೋ ಪ್ರಾಣಿಯೋ ಎಂದು ಹೇಳಲಾಗದ ಒಂದು ನಡುಸೀಮೆ ಇರುವಂತೆ, ಮನುಷ್ಯತ್ವಕ್ಕೂ ದೈವತ್ವಕ್ಕೂ ನಡುವೆ ಒಂದು ಸೀಮೆ ಇರಬಹುದೆಂಬುದು ಅವರ ವಾದ. ದೇವರ ವಿಷಯದಲ್ಲಿ ಸಾದೃಶ್ಯವು ಪ್ರಮಾಣವಾಗದೆಂದು ಡಾಕ್ಟರು ಉತ್ತರಕೊಟ್ಟರು. ತರ್ಕದ ದೃಷ್ಟಿಯಿಂದ ಈ ಉತ್ತರವು ಗಟ್ಟಿಯಾದುದೆಂದು ಒಪ್ಪಲೇಬೇಕು.

ಪರೀಕ್ಷೆಗೆ ಶ್ರೀರಾಮಕೃಷ್ಣರು ಎಂದೂ ಅಂಜಿದವರಲ್ಲ. ಹಣವನ್ನು ಮುಟ್ಟಲಾರರೆಂಬ ಮಾತು ನಿಜವೇ ಎಂದು ತಿಳಿಯಲು ನರೇಂದ್ರರು ಹಾಸಿಗೆಯಡಿ ನಾಣ್ಯವನ್ನಿಟ್ಟಿದ್ದರೆಂದೂ, ಗುರುಗಳು ಅದಕ್ಕೆ ಸಂತೋಷಪಟ್ಟರೆಂದೂ ಶಿಷ್ಯರು ಬರೆದ ಚರಿತ್ರೆಗಳು ಹೇಳುತ್ತವೆ. ಶ್ಯಾಮಪುಕುರದಲ್ಲಿ ದುರ್ಗಾಪೂಜೆಯ ಸಮಯದಲ್ಲಿ ಅವರು ಸಮಾಧಿಸ್ಥರಾದಾಗ ಸರ್ಕಾರರು ಯಂತ್ರವನ್ನಿಟ್ಟು ಹೃದಯದ ಬಡಿತವನ್ನು ಪರೀಕ್ಷಿಸಿದರು. ಜೊತೆಯಲ್ಲಿದ್ದ ವೈದ್ಯಮಿತ್ರರು ತೆರೆದ ಕಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದರು. ಇದನ್ನು ದಾಖಲಿಸಿರುವ ಸ್ವಾಮಿ ಶಾರದಾನಂದರು ಪೂರ್ವಾಶ್ರಮದಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದವರು. ತಮ್ಮ ಶಾಸ್ತ್ರವು ಈ ಸ್ಥಿತಿಯನ್ನು ವಿವರಿಸಲಾರದೆಂದು ವೈದ್ಯರು ಒಪ್ಪಿಕೊಂಡರೆಂದು ಅವರು ಹೇಳುತ್ತಾರೆ. ಇದನ್ನು ಓದುವವರು ಒಂದು ಎಚ್ಚರವನ್ನು ಮರೆಯಬಾರದು. ವಿವರಿಸಲಾರೆನೆಂಬ ಒಪ್ಪಿಗೆಯು ಅಲೌಕಿಕವೆಂಬ ಒಪ್ಪಿಗೆಯಲ್ಲ. ಹಾಗೆಯೇ, ವಿವರಣೆ ಸಿಗದೆಂಬ ಕಾರಣಕ್ಕೆ ಕಂಡುದನ್ನು ಅಲ್ಲಗಳೆಯುವುದೂ ವಿಜ್ಞಾನವಲ್ಲ. ಸರ್ಕಾರರು ಈ ಎರಡು ತಪ್ಪುಗಳನ್ನೂ ಮಾಡಲಿಲ್ಲ.

ಈ ಸಂವಾದದ ತಿರುಳು ‘ವಿಜ್ಞಾನ’ವೆಂಬ ಶಬ್ದದಲ್ಲಿಯೇ ಅಡಗಿದೆ. ಸರ್ಕಾರರ ಸಭೆಯ ಹೆಸರಿನಲ್ಲಿ ಆ ಶಬ್ದಕ್ಕೆ ಪ್ರಕೃತಿಯ ಪರೀಕ್ಷಿತ ಜ್ಞಾನವೆಂಬ ಹೊಸ ಅರ್ಥ. ಪರಮಹಂಸರು ಅದೇ ಶಬ್ದವನ್ನು ಡಾಕ್ಟರರ ಮುಂದೆ ಹಳೆಯ ಅರ್ಥದಲ್ಲಿ ಬಳಸಿದರು. ಕಾಲಿಗೆ ಚುಚ್ಚಿದ ಮುಳ್ಳನ್ನು ಇನ್ನೊಂದು ಮುಳ್ಳಿನಿಂದ ತೆಗೆದು ಎರಡನ್ನೂ ಎಸೆಯುವಂತೆ, ಅಜ್ಞಾನವನ್ನು ಜ್ಞಾನದಿಂದ ಕಳೆದು ಎರಡನ್ನೂ ದಾಟಿದ ಬಳಿಕ ದೊರೆಯುವ ಸಾಕ್ಷಾತ್ ಪರಿಚಯವೇ ಅವರು ಹೇಳುವ ವಿಜ್ಞಾನ. ಗೀತೆಯ ಏಳನೆಯ ಅಧ್ಯಾಯದಲ್ಲಿ ಬರುವ ಈ ಪದಕ್ಕೆ ಶಂಕರಾಚಾರ್ಯರು ಸ್ವಾನುಭವವೆಂದೇ ಅರ್ಥ ಹೇಳಿದ್ದಾರೆ; ವಚನಕಾರರ ‘ಅನುಭಾವ’ವನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಎರಡು ಅರ್ಥಗಳೂ ಕೇಳಿದ ಮಾತಿಗೆ ತೃಪ್ತಿಪಡದೆ ಕಂಡು ತಿಳಿಯಬೇಕೆನ್ನುತ್ತವೆ. ಅಂತರವಿರುವುದು ಮುಂದಿನ ಹೆಜ್ಜೆಯಲ್ಲಿ. ಒಂದು, ಕಂಡುದನ್ನು ಎಲ್ಲರೂ ಅಳೆಯುವಂತೆ ತೋರಿಸಬೇಕೆನ್ನುತ್ತದೆ. ಇನ್ನೊಂದು, ಕಂಡವನ ಬಾಳು ಮಾರ್ಪಡಬೇಕೆನ್ನುತ್ತದೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಹೊರಟಾಗಲೇ ಜಗಳ ಹುಟ್ಟುತ್ತದೆ.

ರೋಗವು ಯಾವ ಔಷಧಕ್ಕೂ ಮಣಿಯಲಿಲ್ಲ. 1885ರ ಡಿಸೆಂಬರ್ 11ರಂದು ಶ್ರೀರಾಮಕೃಷ್ಣರನ್ನು ಕಾಶೀಪುರದ ತೋಟದ ಮನೆಗೆ ಸಾಗಿಸಲಾಯಿತು. 1886ರ ಆಗಸ್ಟ್ 16ರಂದು ಅವರು ದೇಹವನ್ನು ತ್ಯಜಿಸಿದರು. ಅಂದು ಬಂದು ಮರಣವನ್ನು ಖಚಿತಪಡಿಸಿದ ಸರ್ಕಾರರು, ಒಂದು ಛಾಯಾಚಿತ್ರವನ್ನು ತೆಗೆಸಬೇಕೆಂದು ಸೂಚಿಸಿ, ತಮ್ಮ ಪಾಲೆಂದು 10 ರೂಪಾಯಿಗಳನ್ನು ಕೊಟ್ಟು ಹೊರಟುಹೋದರು. ಡಾಕ್ಟರು ಕೊನೆಗೆ ಶರಣಾದರೆಂದು ಹೇಳಬಯಸುವ ಭಕ್ತರಿಗೂ, ಭಕ್ತಿಯು ಗಂಟಲನ್ನು ಗುಣಪಡಿಸಲಿಲ್ಲವೆಂದು ಕೊಂಕು ನುಡಿಯುವ ಸಂಶಯವಾದಿಗಳಿಗೂ ಈ ವೃತ್ತಾಂತವು ಪೂರ್ಣ ತೃಪ್ತಿಯನ್ನು ಕೊಡದು. ಡಾಕ್ಟರು ಅವತಾರವನ್ನು ಒಪ್ಪಿದರೆನ್ನಲು ದಿನಚರಿಯಲ್ಲಿ ಆಧಾರವಿಲ್ಲ. ಪರಮಹಂಸರೂ ರೋಗನಿವಾರಣೆಯನ್ನು ಭಕ್ತಿಯ ಪ್ರಮಾಣವಾಗಿ ಒಡ್ಡಿದವರಲ್ಲ. ವೈದ್ಯನನ್ನು ಕರೆಸಿ, ಕೊಟ್ಟ ಔಷಧವನ್ನು ಸೇವಿಸಿದವರು.

ಸರ್ಕಾರರು 1904ರಲ್ಲಿ, ತಮ್ಮ ಸಂಸ್ಥೆಯಿಂದ ದೇಶವು ದೊಡ್ಡ ಫಲವನ್ನು ಕಾಣುವ ಮೊದಲೇ ತೀರಿಕೊಂಡರು. 1907ರಿಂದ ಸಿ. ವಿ. ರಾಮನ್ನರು ಕಚೇರಿಯ ಕೆಲಸದ ಬಿಡುವಿನಲ್ಲಿ ಅಲ್ಲಿಗೆ ಬಂದು ಸಂಶೋಧನೆಯಲ್ಲಿ ತೊಡಗಿದರು. 1928ರಲ್ಲಿ ಬೆಳಕಿನ ಚದರಿಕೆಯನ್ನು ಕುರಿತ ತಮ್ಮ ಪ್ರಸಿದ್ಧ ಶೋಧವನ್ನು ಅಲ್ಲಿಯೇ ಮಾಡಿ, 1930ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಆ ರೋಗಶಯ್ಯೆಯ ಸುತ್ತ ಸೇರಿದ್ದ ತರುಣರಿಂದ 1897ರಲ್ಲಿ ರಾಮಕೃಷ್ಣ ಮಿಷನ್ ಹುಟ್ಟಿತು; 1925ರಲ್ಲಿ ಮೈಸೂರಿನಲ್ಲಿ ಅದರ ಪರಂಪರೆಯ ಆಶ್ರಮವು ನೆಲೆಗೊಂಡು ಕುವೆಂಪು ಅವರಂಥ ತರುಣರಿಗೆ ಆಸರೆಯಾಯಿತು. ಹೀಗೆ ಶ್ಯಾಮಪುಕುರದ ಒಂದೇ ಕೋಣೆಯಲ್ಲಿ ಸಂಧಿಸಿದ ಎರಡು ಧಾರೆಗಳೂ ಕನ್ನಡನಾಡನ್ನು ಮುಟ್ಟಿದವು. ಭಕ್ತನು ಪರೀಕ್ಷೆಗೆ ಅಂಜದಿರುವುದು, ಪರೀಕ್ಷಕನು ತನ್ನ ತಿಳಿವಿನ ಎಲ್ಲೆಯನ್ನು ಮರೆಯದಿರುವುದು: ಈ ಎರಡು ಗುಣಗಳಿರುವೆಡೆ ಶ್ರದ್ಧೆಯೂ ಸಂಶಯವೂ ಒಂದೇ ಚಾಪೆಯ ಮೇಲೆ ಕುಳಿತು ಮಾತನಾಡಬಲ್ಲವು.