ನೀರಿನ ಪಾಲು: ಒಂದು ತತ್ವ ಬೆಳೆದ ಬಗೆ

ಅಂತರರಾಷ್ಟ್ರೀಯ ಕಾನೂನನ್ನು ಓದಲು ಹೊರಟವರಿಗೆ ಮೊದಲು ಎದುರಾಗುವುದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿ. ಒಪ್ಪಂದ, ರೂಢಿ, ರಾಷ್ಟ್ರಗಳು ಒಪ್ಪಿದ ಸಾಮಾನ್ಯ ತತ್ವಗಳು, ಇವುಗಳ ಬೆನ್ನಿಗೆ ತೀರ್ಪುಗಳು ಮತ್ತು ವಿದ್ವಾಂಸರ ಬರಹ. ಪರೀಕ್ಷೆಗೆ ಇಷ್ಟು ಸಾಕು. ತತ್ವವೊಂದು ಹುಟ್ಟಿ, ಪೆಟ್ಟು ತಿಂದು, ಗಟ್ಟಿಯಾಗುವುದು ಹೇಗೆಂದು ತಿಳಿಯಬೇಕಾದರೆ ಮಾತ್ರ ಒಂದೇ ಕ್ಷೇತ್ರವನ್ನು ಹಿಡಿದು ನೂರು ವರ್ಷ ಹಿಂದಕ್ಕೆ ಹೋಗಬೇಕು. ನದಿ ನೀರಿನ ಕಾನೂನು ಅದಕ್ಕೆ ತಕ್ಕದ್ದು. ಕನ್ನಡಿಗರಿಗಂತೂ ಇದಕ್ಕಿಂತ ಹತ್ತಿರದ ವಿಷಯ ಬೇರೊಂದಿಲ್ಲ.

ಕಥೆಯನ್ನು ರಿಯೊ ಗ್ರಾಂಡೆ ನದಿಯಿಂದ ಶುರು ಮಾಡಬಹುದು. ಕೊಲರಾಡೊ, ನ್ಯೂ ಮೆಕ್ಸಿಕೊ ಭಾಗದ ರೈತರು ನೀರನ್ನು ಮೇಲೆಯೇ ತಿರುಗಿಸಿಕೊಂಡದ್ದರಿಂದ ಕೆಳಗೆ ತಮ್ಮ ಹೊಲಗಳು ಒಣಗುತ್ತಿವೆ ಎಂದು ಮೆಕ್ಸಿಕೊ ದೂರಿತು. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ಕೊಟ್ಟ ಅಭಿಪ್ರಾಯ ಖಡಾಖಂಡಿತ: ತನ್ನ ನೆಲದಲ್ಲಿ ಹರಿಯುವ ನೀರಿನ ಮೇಲೆ ದೇಶಕ್ಕೆ ಪೂರ್ಣ ಸಾರ್ವಭೌಮತ್ವವಿದೆ, ಕೆಳಗಿನವರಿಗೆ ನೀರು ಬಿಡಬೇಕಾದ ಹೊಣೆ ಕಾನೂನಿನಲ್ಲಿ ಇಲ್ಲ. ಆದರೂ 1906ರಲ್ಲಿ ಅದೇ ಅಮೆರಿಕ ವರ್ಷಕ್ಕೆ 60,000 ಎಕರೆ-ಅಡಿ ನೀರು ಬಿಡಲು ಒಪ್ಪಿತು. ಇದು ಸೌಹಾರ್ದಕ್ಕೆ ಕೊಟ್ಟದ್ದೇ ಹೊರತು ಹಕ್ಕೆಂದು ಒಪ್ಪಿ ಕೊಟ್ಟದ್ದಲ್ಲ ಎಂದು ಒಪ್ಪಂದದಲ್ಲೇ ಬರೆಸಿತು. ಮರುವರ್ಷ ಕಾನ್ಸಸ್ ಮತ್ತು ಕೊಲರಾಡೊ ರಾಜ್ಯಗಳ ವ್ಯಾಜ್ಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಾನ್ಸಸ್ ಸೋತರೂ, ಇಬ್ಬರೂ ಸಮಾನರು, ನದಿಯ ಪ್ರಯೋಜನ ನ್ಯಾಯವಾಗಿ ಹಂಚಿಕೆಯಾಗಬೇಕು ಎಂದಿತು. ಮುಂದಿನ ಬೆಳವಣಿಗೆಯೆಲ್ಲ ಈ ಎರಡು ನೆಲೆಗಳ ನಡುವಿನ ಓಡಾಟ. ದೇಶದೊಳಗಿನ ಜಗಳದಲ್ಲಿ ಮೂಡಿದ ತತ್ವ ದೇಶಗಳ ನಡುವೆ ಹೋಗಿ ಬಲಿತು, ಮತ್ತೆ ದೇಶದೊಳಕ್ಕೆ ಬಂತು.

ನಮ್ಮಲ್ಲಿ ಅದಕ್ಕೆ ಗಟ್ಟಿ ರೂಪ ಕೊಟ್ಟವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿ ಅವರನ್ನು ಬಲ್ಲವರು ಅನೇಕರು. ಅವರ 1942ರ ಸಿಂಧೂ ವರದಿಗೂ ಅಷ್ಟೇ ತೂಕವಿದೆ. ಪಂಜಾಬಿನ ಭಾಕ್ರಾ ಯೋಜನೆಯಿಂದ ತನ್ನ ನಾಲೆಗಳಿಗೆ ನೀರು ತಗ್ಗುತ್ತದೆಂದು ಸಿಂಧ್ ಪ್ರಾಂತ್ಯ ದೂರಿದಾಗ ಸರ್ಕಾರ ರಾವ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ಅವರು ಅಮೆರಿಕದ ತೀರ್ಪುಗಳನ್ನೂ ಹೊರದೇಶಗಳ ಒಪ್ಪಂದಗಳನ್ನೂ ಜಾಲಾಡಿದರು. ಮೇಲಿನವರಿಗೇ ಪೂರ್ಣ ಹಕ್ಕು ಎಂಬ ವಾದವನ್ನೂ, ಸಹಜ ಹರಿವು ಕೆಳಗಿನವರಿಗೆ ಕುಂದಿಲ್ಲದೆ ಸಿಗಬೇಕೆಂಬ ವಾದವನ್ನೂ ಬದಿಗಿಟ್ಟು ನ್ಯಾಯಯುತ ಹಂಚಿಕೆಯನ್ನು ಎತ್ತಿಹಿಡಿದರು. ಇಬ್ಬರೂ ಕೂತು ಒಪ್ಪಿಕೊಳ್ಳುವುದೇ ಎಲ್ಲಕ್ಕಿಂತ ಮೇಲು ಎಂದೂ ಬರೆದರು. 1952ರಲ್ಲಿ ಹೇಗ್‌ ನ್ಯಾಯಾಲಯದ ನ್ಯಾಯಾಧೀಶರಾದ ರಾವ್ ಮರುವರ್ಷವೇ ತೀರಿಕೊಂಡರು. ಈ ವರದಿ ನಮ್ಮ ಪ್ರತಿ ಕಾನೂನು ಕಾಲೇಜಿನ ಪಠ್ಯದಲ್ಲಿರಬೇಕು.

ಯುರೋಪಿನಲ್ಲಿ 1957ರ ಲಾನೂ ಸರೋವರದ ಮಧ್ಯಸ್ಥಿಕೆ ತೀರ್ಪು ಮುಖ್ಯವಾದದ್ದು. ಫ್ರಾನ್ಸ್ ವಿದ್ಯುತ್ತಿಗಾಗಿ ನೀರು ತಿರುಗಿಸಿ ಗಡಿ ದಾಟುವ ಮುನ್ನ ಅಷ್ಟೇ ನೀರನ್ನು ಮರಳಿಸುತ್ತೇನೆಂದಿತು, ಸ್ಪೇನ್ ಒಪ್ಪಲಿಲ್ಲ. ಸ್ಪೇನಿನ ಒಪ್ಪಿಗೆ ಬೇಕಿಲ್ಲ, ಆದರೆ ಫ್ರಾನ್ಸ್ ಪ್ರಾಮಾಣಿಕವಾಗಿ ಮಾತುಕತೆ ನಡೆಸಲೇಬೇಕು ಎಂದರು ಮಧ್ಯಸ್ಥರು. ಬಳಿಕ ಬಂದದ್ದು 1966ರ ಹೆಲ್ಸಿಂಕಿ ನಿಯಮಾವಳಿ. ಇದಕ್ಕೆ ಯಾವ ದೇಶದ ಸಹಿಯೂ ಇಲ್ಲ. ರೂಪಿಸಿದ್ದು ಅಂತರರಾಷ್ಟ್ರೀಯ ಕಾನೂನು ಸಂಘವೆಂಬ ವಿದ್ವಾಂಸರ ಕೂಟ. ಹವಾಮಾನ, ಹಿಂದಿನ ಬಳಕೆ, ನೀರನ್ನೇ ನಂಬಿದ ಜನಸಂಖ್ಯೆ, ಬೇರೆ ಮೂಲಗಳ ಲಭ್ಯತೆ, ಪೋಲಾಗದಂತೆ ತಡೆಯುವುದು ಹೀಗೆ 11 ಅಂಶಗಳನ್ನು ತೂಗಿ ಪಾಲು ನಿರ್ಧರಿಸಬೇಕೆಂದು ಅದು ಹೇಳಿತು. ವಿದ್ವಾಂಸರ ಬರಹವೆಂಬ 38ನೇ ವಿಧಿಯ ಕೊನೆಯ ಸಾಲಿಗೆ ಎಷ್ಟು ಬಲವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ವಿಶ್ವಸಂಸ್ಥೆ ಇದೇ ಕೆಲಸವನ್ನು ಸರ್ಕಾರಗಳ ಮಟ್ಟದಲ್ಲಿ ಮಾಡಲು 1970ರಲ್ಲಿ ಹೊರಟು, 1997ರಲ್ಲಿ ಒಡಂಬಡಿಕೆ ಮುಗಿಸಿತು. ಪರವಾಗಿ 103 ಮತ, ವಿರುದ್ಧ 3; ಮತ ಹಾಕದೆ ಉಳಿದ 27 ದೇಶಗಳಲ್ಲಿ ಭಾರತವೂ ಒಂದು. ಜಾರಿಗೆ ಬಂದದ್ದು 2014ರಲ್ಲಿ. ನ್ಯಾಯಯುತ ಬಳಕೆಯೋ, ನೆರೆಯವರಿಗೆ ಗಣನೀಯ ಹಾನಿ ಮಾಡದಿರುವುದೋ, ಯಾವುದು ಮೊದಲು ಎಂಬ ಜಗಳವೇ ಅದನ್ನು ಅಷ್ಟು ಕಾಲ ಎಳೆದಾಡಿತು. ಒಡಂಬಡಿಕೆ ಅಂಗೀಕಾರವಾದ ನಾಲ್ಕು ತಿಂಗಳಲ್ಲೇ ಹೇಗ್‌ ನ್ಯಾಯಾಲಯ ಹಂಗೆರಿ ಮತ್ತು ಸ್ಲೊವಾಕಿಯದ ಡ್ಯಾನ್ಯೂಬ್ ಅಣೆಕಟ್ಟು ವ್ಯಾಜ್ಯದಲ್ಲಿ ಅದನ್ನು ಉಲ್ಲೇಖಿಸಿತು. ಅದೇ ಮೊಕದ್ದಮೆಯಲ್ಲಿ ಶ್ರೀಲಂಕಾದ ನ್ಯಾಯಾಧೀಶ ವೀರಮಂತ್ರಿ ತಮ್ಮ ನಾಡಿನ ಹಳೆಯ ಕೆರೆ-ಕಾಲುವೆ ವ್ಯವಸ್ಥೆಯನ್ನೇ ಕಾನೂನು ಚಿಂತನೆಯ ಆಕರವಾಗಿ ಮುಂದಿಟ್ಟರು.

ಇಷ್ಟೂ ದೂರ ನಡೆದ ತತ್ವ 2018ರ ಫೆಬ್ರುವರಿ 16ರಂದು ಕಾವೇರಿ ತೀರ್ಪಿನಲ್ಲಿ ನಮ್ಮ ಮುಂದೆ ನಿಂತಿತು. ಸುಪ್ರೀಂ ಕೋರ್ಟ್ ಹೆಲ್ಸಿಂಕಿ ನಿಯಮಗಳನ್ನೂ ಅವುಗಳ ನಂತರದ 2004ರ ಬರ್ಲಿನ್ ನಿಯಮಗಳನ್ನೂ ಚರ್ಚಿಸಿ, ಯಾವ ರಾಜ್ಯವೂ ನದಿ ತನ್ನದೇ ಎನ್ನುವಂತಿಲ್ಲ ಎಂದಿತು. ಬೆಂಗಳೂರಿನ ಮೂರನೇ ಒಂದು ಭಾಗವಷ್ಟೇ ಜಲಾನಯನದೊಳಗಿದೆಯೆಂದು ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರಲ್ಲಿ ಅಷ್ಟಕ್ಕೇ ಕುಡಿಯುವ ನೀರು ಲೆಕ್ಕ ಹಾಕಿತ್ತು. ಕೋರ್ಟ್ ಅದನ್ನು ಒಪ್ಪದೆ ನಗರಕ್ಕೆ 4.75 ಟಿಎಂಸಿ ಅಡಿ ಸೇರಿಸಿತು. ತಮಿಳುನಾಡಿನ ಅಂತರ್ಜಲದಲ್ಲಿ 10 ಟಿಎಂಸಿ ಅಡಿಯನ್ನು ಲೆಕ್ಕಕ್ಕೆ ಹಿಡಿದು ಅಷ್ಟನ್ನೂ ಕರ್ನಾಟಕಕ್ಕೆ ಕೊಟ್ಟಿತು. ಹೆಲ್ಸಿಂಕಿಯ ‘ಬೇರೆ ಮೂಲಗಳ ಲಭ್ಯತೆ’ ಎಂಬ ಅಂಶ ಕೆಲಸ ಮಾಡುವುದು ಹೀಗೆ. ನಮ್ಮ ಪಾಲು 270ರಿಂದ 284.75ಕ್ಕೆ ಏರಿತು.

ಮಳೆ ಕೈಕೊಟ್ಟ ವರ್ಷದಲ್ಲಿ ಏನು ಮಾಡಬೇಕೆಂಬುದು ಮಾತ್ರ ಹಾಗೇ ಉಳಿದಿದೆ. ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿ ಎಂದಿದೆ ನ್ಯಾಯಮಂಡಳಿ. ಆದರೆ ಕೊರತೆಯನ್ನು ಯಾವ ತಿಂಗಳಲ್ಲಿ, ಯಾವ ಜಲಾಶಯದ ಮಟ್ಟ ನೋಡಿ ಅಳೆಯಬೇಕು? ನಿಂತ ಬೆಳೆಗೂ ನಗರದ ನಲ್ಲಿಗೂ ಅದೇ ಕಡಿತ ಸರಿಯೇ? 2023ರಲ್ಲಿ ಎರಡೂ ರಾಜ್ಯಗಳು ಮತ್ತೆ ಸುಪ್ರೀಂ ಕೋರ್ಟಿಗೆ ಹೋದದ್ದು ಇಂಥ ಪ್ರಶ್ನೆಗಳನ್ನು ಹೊತ್ತೇ. ಹೆಲ್ಸಿಂಕಿಯ 11 ಅಂಶಗಳೂ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ನದಿ ಕಾನೂನಿನಲ್ಲಿ ಸಂಶೋಧನೆಗೆ ಇಳಿಯುವ ಕನ್ನಡದ ಹುಡುಗ ಹುಡುಗಿಯರು ಕೈ ಹಾಕಬೇಕಾದದ್ದು ಇಲ್ಲಿಗೆ.